ಮೂವತ್ತು ಲಕ್ಷದ ಬಟವಾಡೆ: ಕಂಪ್ಯೂಟರಿನ ಕ್ಯಾಲ್ಕುಲೇಟರನ್ನು ಪಳಗಿಸುವುದು ಹೇಗೆ?

ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ಬಟವಾಡೆಯ ದಿನ. ರೈಟರು ಊರಿಗೆ ಹೋಗಿದ್ದರಿಂದ ಲೆಕ್ಕಕ್ಕೆ ನನ್ನನ್ನು ಕೂರಿಸಿದ್ದರು. ಮಳೆ ಹಿಡಿದುಕೊಂಡು ಆ ವಾರ ಕೆಲಸ ನಡೆದದ್ದೇ ಒಂದು ದಿನ. 450 ರೂಪಾಯಿಯಂತೆ 18 ಜನ, 380ರಂತೆ 6 ಜನ. ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರ್ ತೆರೆದು 18 × 450 + 6 × 380 ಎಂದು ಒಂದೇ ಉಸಿರಿಗೆ ಒತ್ತಿದೆ. ಬಂದ ಉತ್ತರ 30,80,280. ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ತಮ್ಮ ಮೊಬೈಲಿನಲ್ಲಿ ಅದನ್ನೇ ಒತ್ತಿ ನನ್ನ ಮುಂದೆ ಹಿಡಿದರು: 10,380. ‘ಅಷ್ಟು ದುಡ್ಡು ಬಂದರೆ ನಾಳೆಯಿಂದ ನಾವು ಯಾರೂ ಬರುವುದಿಲ್ಲ ಸಾರ್’ ಎಂದು ನಕ್ಕರು.

ಕಂಪ್ಯೂಟರ್ ಕೆಟ್ಟಿರಲಿಲ್ಲ. ವಿಂಡೋಸ್‌ನ ಕ್ಯಾಲ್ಕುಲೇಟರಿನ ‘ಸ್ಟ್ಯಾಂಡರ್ಡ್’ ವಿಧಾನ ಅಂಗಡಿ ಮೇಜಿನ ಮೇಲಿನ ಹಳೆಯ ಕ್ಯಾಲ್ಕುಲೇಟರಿನಂತೆಯೇ ನಡೆಯುತ್ತದೆ. ಒತ್ತಿದ್ದನ್ನು ಒತ್ತಿದ ಕ್ರಮದಲ್ಲೇ ಮುಗಿಸುತ್ತಾ ಹೋಗುತ್ತದೆ. 18 × 450 ಆದ ಕೂಡಲೇ 8,100. ಅದಕ್ಕೆ 6 ಸೇರಿ 8,106. ಅದನ್ನು 380ರಿಂದ ಗುಣಿಸಿದರೆ ಮೂವತ್ತು ಲಕ್ಷ ದಾಟಿತು. ಶಾಲೆಯಲ್ಲಿ ಕಲಿತ ‘ಗುಣಾಕಾರ ಮೊದಲು, ಸಂಕಲನ ಆಮೇಲೆ’ ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಅದು ನಡೆಯುವುದು ‘ಸೈಂಟಿಫಿಕ್’ ವಿಧಾನದಲ್ಲಿ. ಉಬುಂಟು ಹಾಕಿದ ಕಂಪ್ಯೂಟರಿನಲ್ಲಾದರೆ ಸಾದಾ ವಿಧಾನದಲ್ಲೂ ಗುಣಾಕಾರವೇ ಮೊದಲು. ಹಾಗಾಗಿ ಯಂತ್ರ ಬದಲಾದಾಗ 2 + 3 × 4 ಎಂದು ಒತ್ತಿ ನೋಡುವುದು ನನಗೀಗ ಅಭ್ಯಾಸವಾಗಿಬಿಟ್ಟಿದೆ. 14 ಬಂದರೆ ಶಾಲೆಯ ನಿಯಮ, 20 ಬಂದರೆ ಅಂಗಡಿಯ ನಿಯಮ.

ಮೊದಲು ಹದಮಾಡಿಕೊಳ್ಳಿ

ವಿಂಡೋಸ್ ಕೀಲಿಯನ್ನು ಹಿಡಿದು ‘ಆರ್’ ಒತ್ತಿ. ತೆರೆಯುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಸಿ, ಎ, ಎಲ್, ಸಿ ಅಕ್ಷರಗಳನ್ನು ಹೊಡೆದು ಎಂಟರ್ ಒತ್ತಿದರೆ ಕ್ಯಾಲ್ಕುಲೇಟರ್ ಹಾಜರು. ಎಡಗಡೆ ಮೇಲೆ ಕಾಣುವ ಮೂರು ಗೆರೆಗಳಲ್ಲಿ ಎಲ್ಲ ವಿಧಾನಗಳ ಪಟ್ಟಿ ಇದೆ. ಆಲ್ಟ್ ಹಿಡಿದು 1 ಒತ್ತಿದರೆ ಸ್ಟ್ಯಾಂಡರ್ಡ್, 2 ಒತ್ತಿದರೆ ಸೈಂಟಿಫಿಕ್. ಕೊನೆಯ ಸಲ ಬಳಸಿದ ವಿಧಾನದಲ್ಲೇ ಅದು ಮತ್ತೆ ತೆರೆದುಕೊಳ್ಳುವುದರಿಂದ ಒಮ್ಮೆ ಸೈಂಟಿಫಿಕ್‌ಗೆ ಬಂದು ಅಲ್ಲೇ ನೆಲೆಸಿಬಿಡಿ. ಸೈನು, ಕೊಸೈನು ಗುಂಡಿಗಳನ್ನು ಕಂಡು ಗಾಬರಿ ಬೇಡ, ಅವು ತಾವಾಗಿ ಏನೂ ಮಾಡುವುದಿಲ್ಲ.

ಎರಡನೆಯದು ಅಲ್ಪವಿರಾಮ. ಹಲವು ಕಂಪ್ಯೂಟರುಗಳಲ್ಲಿ ಅಂಕಿ 3,080,280 ಎಂದು ಮಿಲಿಯನ್ ಲೆಕ್ಕದಲ್ಲಿ ಕಾಣುತ್ತದೆ. ಲಕ್ಷ, ಕೋಟಿಯಲ್ಲಿ ಯೋಚಿಸುವ ನಮಗೆ ಸೊನ್ನೆ ಎಣಿಸುವುದೇ ಕೆಲಸವಾಗುತ್ತದೆ. ಇದರ ಬೀಗದಕೈ ಕ್ಯಾಲ್ಕುಲೇಟರಿನೊಳಗೆ ಇಲ್ಲ. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ಅದರಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಲ್ಯಾಂಗ್ವೇಜ್ ಅಂಡ್ ರೀಜನ್’ ತೆರೆದು ‘ರೀಜನಲ್ ಫಾರ್ಮ್ಯಾಟ್’ ಎಂಬಲ್ಲಿ ‘ಇಂಗ್ಲಿಷ್, ಇಂಡಿಯಾ’ ಆರಿಸಿ. ಕ್ಯಾಲ್ಕುಲೇಟರನ್ನು ಮುಚ್ಚಿ ತೆರೆದರೆ 30,80,280 ಎಂದು ಕಾಣುತ್ತದೆ.

ಬಲಬದಿಯ ಅಂಕಿಗಳ ಗುಂಪನ್ನು ಒತ್ತಿದರೂ ಏನೂ ಮೂಡದಿದ್ದರೆ ‘ನಮ್ ಲಾಕ್’ ಒತ್ತಿ ನೋಡಿ. ಇಷ್ಟಕ್ಕೇ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದವರಿದ್ದಾರೆ.

ಹಣ್ಣು ಬಿಡಿಸಿದ ಲೆಕ್ಕ

ಕೆ.ಜಿ. ಲೆಕ್ಕದಲ್ಲಿ ಹಣ್ಣು ಬಿಡಿಸಿದಾಗ ಪ್ರತಿಯೊಬ್ಬರ ಕೂಲಿಯೂ ಬೇಕು, ಕೊನೆಗೆ ಒಟ್ಟು ಮೊತ್ತವೂ ಬೇಕು. ಇದಕ್ಕೆ ಮೆಮೊರಿ ಗುಂಡಿಗಳಿವೆ. ಮೊದಲು ‘ಎಂಸಿ’ ಒತ್ತಿ ಹಳೆಯದನ್ನು ಗುಡಿಸಿಹಾಕಿ. ಕೆ.ಜಿ.ಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. 47 × 6 ಒತ್ತಿ, ಸಮ ಚಿಹ್ನೆ ಒತ್ತಿ, 282 ಕಂಡ ಮೇಲೆ ‘ಎಂ ಪ್ಲಸ್’. ಮುಂದಿನವರದು 52 × 6, ಸಮ, 312, ಮತ್ತೆ ‘ಎಂ ಪ್ಲಸ್’. ಎಲ್ಲ ಮುಗಿದ ಮೇಲೆ ‘ಎಂಆರ್’ ಒತ್ತಿದರೆ ಒಟ್ಟು ಮೊತ್ತ. ಕೀಲಿಮಣೆಯೇ ಇಷ್ಟವಾದರೆ ಕಂಟ್ರೋಲ್ ಜೊತೆ ‘ಪಿ’ ಕೂಡಿಸುತ್ತದೆ, ‘ಕ್ಯೂ’ ಕಳೆಯುತ್ತದೆ, ‘ಆರ್’ ಹೊರತೆಗೆಯುತ್ತದೆ, ‘ಎಲ್’ ಅಳಿಸುತ್ತದೆ. ಸಮ ಚಿಹ್ನೆಯನ್ನು ಮರೆಯಬೇಡಿ. ಎಸ್ಕೇಪ್ ಒತ್ತಿದರೆ ಪರದೆ ಖಾಲಿಯಾಗುತ್ತದೆಯೇ ಹೊರತು ಮೆಮೊರಿ ಖಾಲಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಬೆಳಗಿನ ಬಾಬ್ತು ಸಂಜೆಯ ಬಟವಾಡೆಗೆ ಸೇರಿಕೊಳ್ಳುವುದು ಹೀಗೆಯೇ.

ಕಿಟಕಿಯನ್ನು ಅಗಲಕ್ಕೆ ಎಳೆದರೆ ಬಲಗಡೆ ‘ಹಿಸ್ಟರಿ’ ತೆರೆಯುತ್ತದೆ. ಇತ್ತೀಚೆಗೆ ಮಾಡಿದ ಲೆಕ್ಕಗಳು ಅಲ್ಲಿ ಸಾಲಾಗಿ ಕುಳಿತಿರುತ್ತವೆ. ‘ನನ್ನದು ಐವತ್ತೆರಡಲ್ಲ, ಐವತ್ತೇಳು ಕೆ.ಜಿ.’ ಎಂದು ಯಾರಾದರೂ ಬಂದರೆ ಮೊದಲಿಂದ ಕೂಡಬೇಕಿಲ್ಲ, ಆ ಸಾಲನ್ನು ನೋಡಿದರಾಯಿತು.

ಶೇಕಡ ಗುಂಡಿ

ಈ ಗುಂಡಿ ಇರುವುದು ಸ್ಟ್ಯಾಂಡರ್ಡ್‌ನಲ್ಲಿ ಮಾತ್ರ. 2,450 ರೂಪಾಯಿಯ ಸಾಮಾನಿಗೆ ಶೇ 18 ಜಿಎಸ್‌ಟಿ ಸೇರಿಸಲು 2450 + 18 ಒತ್ತಿ, ಶೇಕಡ ಚಿಹ್ನೆ ಒತ್ತಿ, 441 ಕಾಣುತ್ತದೆ. ಸಮ ಒತ್ತಿದರೆ 2,891. ತೆರಿಗೆ ಸೇರಿದ ಬಿಲ್ಲಿನಿಂದ ಮೂಲ ಬೆಲೆ ಬೇಕಾದಾಗ ಹಲವರು 2,891ರಲ್ಲಿ ಶೇ 18 ಕಳೆಯುತ್ತಾರೆ. ಆಗ 2,370 ರೂಪಾಯಿ 62 ಪೈಸೆ ಬರುತ್ತದೆ, ಅದು ತಪ್ಪು. 2,891ನ್ನು 1.18ರಿಂದ ಭಾಗಿಸಬೇಕು.

ಗುಂಟೆಗೆ ಇಲ್ಲಿ ಜಾಗವಿಲ್ಲ

ಪಟ್ಟಿಯ ಕೆಳಭಾಗದಲ್ಲಿ ಅಳತೆ ಬದಲಿಸುವ ವಿಧಾನಗಳಿವೆ. ‘ಏರಿಯಾ’ದಲ್ಲಿ ಎಕರೆ, ಹೆಕ್ಟೇರ್, ಚದರ ಅಡಿ ಎಲ್ಲ ಸಿಗುತ್ತವೆ, ನಮ್ಮ ಗುಂಟೆ ಮಾತ್ರ ಇಲ್ಲ. ಪಹಣಿಯಲ್ಲಿ 2 ಎಕರೆ 15 ಗುಂಟೆ ಎಂದಿರುವುದನ್ನು 2.15 ಎಂದು ಹೊಡೆದು ಹೆಕ್ಟೇರಿಗೆ ತಿರುಗಿಸಿದ ಅರ್ಜಿಗಳನ್ನು ನಾನೇ ನೋಡಿದ್ದೇನೆ. ಎಕರೆಗೆ 40 ಗುಂಟೆ. ಆದ್ದರಿಂದ ಮೊದಲು 15 ÷ 40 + 2 ಒತ್ತಿ; 2.375 ಬರುತ್ತದೆ. ಅದನ್ನು ‘ಏರಿಯಾ’ದಲ್ಲಿ ಹಾಕಿದರೆ ಸುಮಾರು 0.961 ಹೆಕ್ಟೇರ್. 2.15 ಎಂದೇ ಹಾಕಿದ್ದರೆ ಕಾಗದದ ಮೇಲೆ ಒಂಬತ್ತು ಗುಂಟೆ ಮಾಯ. ಚದರ ಅಡಿ ಬೇಕಿದ್ದರೆ ಗುಂಟೆಯನ್ನು 1,089ರಿಂದ ಗುಣಿಸಿ.

ಸಾಲದ ದಿನ, ಮಳೆಯ ಇಂಚು

‘ಡೇಟ್ ಕ್ಯಾಲ್ಕುಲೇಶನ್’ ನನಗೆ ಅತಿ ಪ್ರಿಯವಾದದ್ದು. 2024ರ ಜೂನ್ 12ರಂದು ಒಂದೂವರೆ ಲಕ್ಷಕ್ಕೆ ಒಡವೆ ಅಡವಿಟ್ಟು, ಕಾಫಿ ಮಾರಿದ ಮೇಲೆ 2025ರ ಜನವರಿ 20ರಂದು ಬಿಡಿಸಿಕೊಂಡಿರಿ ಎನ್ನಿ. ಎರಡೂ ತಾರೀಕು ಹಾಕಿದರೆ 222 ದಿನ ಎಂದು ತೋರಿಸುತ್ತದೆ. ಶೇ 9ರ ಸರಳ ಬಡ್ಡಿಗೆ 150000 × 9 × 222 ÷ 36500, ಅಂದರೆ 8,210 ರೂಪಾಯಿ 96 ಪೈಸೆ. ಕೂಲಿಯ ದಿನ ಎಣಿಸುವಾಗ ಮಾತ್ರ ಬಂದ ಉತ್ತರಕ್ಕೆ ಒಂದು ಸೇರಿಸಿ. 1ನೇ ತಾರೀಕಿನಿಂದ 6ನೇ ತಾರೀಕಿನವರೆಗೆ ದುಡಿದರೆ ಕಂಪ್ಯೂಟರಿಗೆ ಅದು ಐದು, ದುಡಿದವರಿಗೆ ಆರು.

ಇನ್ನು ಮಳೆ. ಪತ್ರಿಕೆಗಳು ಮಿಲಿಮೀಟರಿನಲ್ಲಿ ಬರೆಯುತ್ತವೆ, ತೋಟದ ಮಳೆ ಪುಸ್ತಕ ಇಂದಿಗೂ ಇಂಚು, ಸೆಂಟುಗಳಲ್ಲೇ ಇದೆ. ‘ಲೆಂತ್’ ವಿಧಾನದಲ್ಲಿ ಮೇಲಿನ ಸಾಲಿಗೆ ಮಿಲಿಮೀಟರ್, ಕೆಳಗಿನದಕ್ಕೆ ಇಂಚು ಆರಿಸಿ 64 ಹೊಡೆಯಿರಿ. 2.52ರ ಆಸುಪಾಸು ಬರುತ್ತದೆ. ಇಲ್ಲಿ ಗುಂಟೆಯ ಗೋಜಲಿಲ್ಲ. ಇಂಚಿಗೆ ನೂರು ಸೆಂಟು. ಪುಸ್ತಕದಲ್ಲಿ ಎರಡು ಇಂಚು ಐವತ್ತೆರಡು ಸೆಂಟು ಎಂದು ಬರೆದುಕೊಳ್ಳಿ. ಅದು ಕಾಫಿ ಗಿಡ ಹೂ ಬಿಡಲು ಬೇಕಾದ ಹೂವಿನ ಮಳೆಯಾಗಿದ್ದರೆ ಪಕ್ಕದ ತೋಟಕ್ಕೆ ಫೋನ್ ಮಾಡಿ ಅವರಿಗೆಷ್ಟು ಬಂತು ಎಂದು ಹೇಗೂ ಕೇಳುತ್ತೀರಿ.