ಟ್ಯೂಬ್ ತೂಗಿದ ಮೇಲೆ ಇಸುಬು ಹತೋಟಿಗೆ ಬಂತು: ನನ್ನ ಅನುಭವ

ಈಗ ಸತತ ಎರಡು ಚಳಿಗಾಲ ನನ್ನ ಮೊಣಕೈ ಸಂದು ಒಡೆದಿಲ್ಲ, ನೀರು ಸೋರಿಲ್ಲ. ಅದಕ್ಕೂ ಹಿಂದಿನ ಹದಿನೈದು ವರ್ಷದಲ್ಲಿ ಅಂಥ ಒಂದು ಚಳಿಗಾಲವೂ ನೆನಪಿಲ್ಲ. "ಅಷ್ಟೊಂದು ಸ್ಟೀರಾಯ್ಡ್ ಹಚ್ತೀಯಾ? ಚರ್ಮ ಕಾಗದದ ಹಾಗೆ ಆಗುತ್ತೆ ನೋಡ್ತಿರು" ಅಂದವರೇ ಈಗ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ. ಇಸುಬು (ಎಕ್ಸಿಮಾ ಅನ್ನೋ ತುರಿಕೆಯ ಚರ್ಮರೋಗ) ಅಂದರೇನು, ಮಾಯಿಶ್ಚರೈಸರ್ ಯಾಕೆ ಬೇಕು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ಇಷ್ಟು ವರ್ಷ ನಾನು ಚರ್ಮಕ್ಕೆ ಸುರಿದ ದುಡ್ಡಿನಲ್ಲಿ ಮುಕ್ಕಾಲು ಪಾಲು ಔಷಧಿಗೆ ಹೋಗಲೇ ಇಲ್ಲ. "ಸೂಕ್ಷ್ಮ ಚರ್ಮಕ್ಕೆ", "ನೈಸರ್ಗಿಕ" ಅಂತ ಬರೆದ ಚಂದದ ಡಬ್ಬಿಗಳಿಗೆ ಹೋಯಿತು. ಅವುಗಳಲ್ಲಿ ಅರ್ಧಕ್ಕರ್ಧ ಘಮಘಮ ಅನ್ನುವಂಥವು. ಗಿಡದಿಂದ ತೆಗೆದ ಸುಗಂಧವಾದರೂ ಒಡೆದ ಚರ್ಮಕ್ಕೆ ಅದು ಸುಗಂಧವೇ, ಅಲರ್ಜಿ ಎಬ್ಬಿಸಬಲ್ಲದು. ಅಂಥ ಒಂದು ಡಬ್ಬಿಯ ದುಡ್ಡಿಗೆ ವಾಸನೆಯಿಲ್ಲದ ಸಾದಾ ಮುಲಾಮಿನ ಐದಾರು ಡಬ್ಬಿ ಬರುತ್ತವೆ. ಈಗ ಅದೇ ತರುತ್ತೇನೆ.

ಬೆರಳುಗಳ ಇಸುಬು ಮಾತ್ರ ಬೇರೆ ಕಥೆ. ಏನು ಹಚ್ಚಿದರೂ ವಾಸಿಯಾಗುತ್ತಿರಲಿಲ್ಲ. ಕೊನೆಗೆ ಹಟ ಹಿಡಿದು, ಯಾವುದರ ಅಲರ್ಜಿ ಅಂತ ಪತ್ತೆಹಚ್ಚುವ ಪ್ಯಾಚ್ ಟೆಸ್ಟ್ ಮಾಡಿಸಿದೆ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ತೆಗೆದ ಮೇಲೂ ಇನ್ನೊಮ್ಮೆ ನೋಡುತ್ತಾರೆ. ಸಿಕ್ಕಿದ್ದು ಮೀಥೈಲ್‌ಐಸೋಥಯಾಜೋಲಿನೋನ್. ದ್ರವ ಸೋಪು, ಒದ್ದೆ ಟಿಶ್ಯೂಗಳು ಕೆಡದಿರಲಿ ಅಂತ ಹಾಕುವ ವಸ್ತು. ಅಮೆರಿಕದ ಸಂಪರ್ಕ ಇಸುಬಿನ (ಚರ್ಮಕ್ಕೆ ಏನಾದರೂ ತಾಗಿ ಬರುವ ಇಸುಬು) ತಜ್ಞರ ಸಂಘ 2013ರಲ್ಲಿ ಇದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು. ನನ್ನ ಕೈ ತೊಳೆಯುವ ಸೋಪಿನ ಹಿಂಬದಿಯಲ್ಲಿ ಆ ಹೆಸರು ಸಣ್ಣ ಅಕ್ಷರದಲ್ಲಿ ಇತ್ತು. ಸೋಪು ಬದಲಿಸಿದ ಒಂದೂವರೆ ತಿಂಗಳಲ್ಲಿ ಬೆರಳ ಸಂದಿನ ಸೀಳು ಮುಚ್ಚಿತು. ಪರೀಕ್ಷೆಗೆ ಕೊಟ್ಟ ದುಡ್ಡು ಆ ವರ್ಷವೇ ವಾಪಸ್ ಬಂದ ಲೆಕ್ಕ.

ಈಗ ಮುಖ್ಯ ವಿಷಯ. ಮೊಣಕೈ, ಮಂಡಿ ಹಿಂದೆ, ಮಣಿಕಟ್ಟು: ಇವಕ್ಕೆ ಚರ್ಮವೈದ್ಯರು ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡ್ ಮುಲಾಮು ಬರೆದಿದ್ದರು. ನನ್ನ 30 ಗ್ರಾಂ ಟ್ಯೂಬ್ ಸುಮಾರು ಮೂರು ತಿಂಗಳು ಬರುತ್ತಿತ್ತು. ಒಂದು ದಿನ ಸುಮ್ನೆ ತಕ್ಕಡಿ ಮೇಲೆ ಇಟ್ಟು ಲೆಕ್ಕ ಹಾಕಿದೆ. ದಿನಕ್ಕೆ ಗ್ರಾಮಿನ ಮೂರನೇ ಒಂದು ಭಾಗ! ಬೆರಳತುದಿ ಅಳತೆ ನಿಮಗೆ ಗೊತ್ತಲ್ವಾ? ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನನ್ನ ಜಾಗಗಳನ್ನು ಅಂಗೈಯಿಟ್ಟು ಅಳೆದೆ. ಹತ್ತು ಅಂಗೈ ಬಂತು. ಅಂದರೆ ಎರಡೂವರೆ ಗ್ರಾಂ ಬೇಕು. ಎಂಟನೇ ಒಂದು ಪಾಲು ಹಚ್ಚಿಕೊಂಡು, ಔಷಧಿ ಕೆಲಸ ಮಾಡಲ್ಲ ಅಂತ ಕೂತಿರುವವರು ನನ್ನ ಹಾಗೆ ಎಷ್ಟು ಜನರಿದ್ದಾರೋ.

ವೈದ್ಯರ ಮುಂದೆ ಈ ಲೆಕ್ಕ ಇಟ್ಟೆ. ಪೂರ್ತಿ ಅಳತೆಯಲ್ಲಿ ದಿನಕ್ಕೆ ಒಂದೇ ಸಲ ಹಚ್ಚಿ, ಎರಡು ಸಲ ಬೇಕಾಗಿಲ್ಲ ಅಂದರು. ಮೊದಲ ಟ್ಯೂಬ್ ಎರಡು ವಾರದೊಳಗೆ ಖಾಲಿ. ಮನೆಯವರ ಮುಖ ನೋಡುವ ಹಾಗಿರಲಿಲ್ಲ. ಔಷಧಿ ಅಂಗಡಿಯಾತ ಇನ್ನೊಂದು ಟ್ಯೂಬ್ ಕೊಡೋಕೆ ಹಿಂದೆಮುಂದೆ ನೋಡಿದ. ಚೀಟಿ ತೋರಿಸಿದೆ.

ಎಷ್ಟು ದಿನ ಹಚ್ಚಬೇಕು ಅನ್ನೋದರಲ್ಲೇ ಬಹಳ ಜನ ಸೋಲುತ್ತಾರೆ. ತುರಿಕೆ ನಿಂತ ದಿನವೇ ಬಿಡುತ್ತಾರೆ, ಹತ್ತು ದಿನಕ್ಕೆ ಮತ್ತೆ ಶುರು. ಇನ್ನು ಕೆಲವರು ಕಪ್ಪು ಕಲೆ ಹೋಗೋವರೆಗೂ ಹಚ್ಚುತ್ತಾರೆ, ಅದೂ ತಪ್ಪು. ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು, ಅದಕ್ಕೆ ಸ್ಟೀರಾಯ್ಡ್ ಬೇಕಾಗಿಲ್ಲ. ನಾನು ಕಣ್ಣು ಮುಚ್ಚಿ ಬೆರಳು ಆಡಿಸುತ್ತೇನೆ. ಪಕ್ಕದ ಒಳ್ಳೇ ಚರ್ಮದಿಂದ ಶುರು ಮಾಡಿ ಕಲೆಯ ಮೇಲೆ ಎಳೆದಾಗ ಗಡಿ ಎಲ್ಲಿದೆ ಅಂತ ಗೊತ್ತಾಗಬಾರದು. ಸ್ವಲ್ಪ ತರಿ ಸಿಕ್ಕರೂ, ದಪ್ಪ ಅನ್ನಿಸಿದರೂ ಇನ್ನೂ ಮುಗಿದಿಲ್ಲ.

ನಯವಾದ ಮೇಲೆ ಎರಡನೇ ಹಂತ. ಏನೂ ಕಾಣದಿದ್ದರೂ ವಾರಕ್ಕೆ ಎರಡು ದಿನ ಅದೇ ಜಾಗಗಳಿಗೆ ಹಚ್ಚುವುದು. ಮೇಲೆ ನಯವಾಗಿ ಕಂಡರೂ ಒಳಗೆ ಉರಿಯೂತ ಉಳಿದಿರುತ್ತದೆ. ಎಲ್ಲರೂ ಅನುಮಾನಪಟ್ಟಿದ್ದು ಇದನ್ನೇ, ನನ್ನನ್ನು ಉಳಿಸಿದ್ದೂ ಇದೇ. ಮೊದಲ ವರ್ಷ ಎಂಟೋ ಒಂಬತ್ತೋ ಟ್ಯೂಬ್ ಆಗಿರಬೇಕು, ಹಳೇ ಲೆಕ್ಕದ ಎರಡರಷ್ಟು. ಎರಡನೇ ವರ್ಷ ನಾಲ್ಕೈದಕ್ಕೆ ಇಳಿಯಿತು. ಆದರೆ ಒಟ್ಟು ಖರ್ಚು ಮೊದಲ ವರ್ಷವೇ ಅರ್ಧಕ್ಕೆ ಬಂತು. ಕೀವಾಗಿ ಆ್ಯಂಟಿಬಯೋಟಿಕ್ ನುಂಗುವುದು ತಪ್ಪಿತು, ರಜೆ ಹಾಕುವುದು ತಪ್ಪಿತು. ಮೂರ್ನಾಲ್ಕು ತಿಂಗಳಿಗೊಮ್ಮೆ ವೈದ್ಯರು ಚರ್ಮ ನೋಡುತ್ತಾರೆ. ತೆಳ್ಳಗಾದ ಗುರುತು ಇಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಇಸುಬೇ ಅಂತ ವೈದ್ಯರು ನೋಡಿ ಹೇಳಿದ ಮೇಲೆ ಮಾತ್ರ. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ತುರಿಕೆ ಇಳಿದು, ಆಮೇಲೆ ಹರಡುತ್ತದೆ. ಅದರ ದುಂಡನೆಯ ಅಂಚೂ ಅಳಿಸಿಹೋಗಿ, ನುರಿತವರಿಗೂ ಗುರುತು ಹತ್ತುವುದಿಲ್ಲ. ಮುಖ, ತೊಡೆಸಂದು, ಕಂಕುಳಿಗೂ ಈ ಲೆಕ್ಕ ಬೇಡ. ಅಲ್ಲಿ ಚರ್ಮ ಬೇಗ ತೆಳ್ಳಗಾಗುತ್ತದೆ.

ಮಾಯಿಶ್ಚರೈಸರ್ ಬಗ್ಗೆ ಒಂದು ಪ್ರಯೋಗ ಮಾಡಿದೆ. ಎಡಗೈಗೆ ಜಿಡ್ಡಿನ ಆಯಿಂಟ್‌ಮೆಂಟ್, ಬಲಗೈಗೆ ಕ್ರೀಮ್, ಒಂದು ತಿಂಗಳ ಮೇಲೆ. ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಮಕ್ಕಳಲ್ಲಿ ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ನಾಲ್ಕನ್ನೂ ಹೋಲಿಸಿತ್ತು. ಅಲ್ಲೂ ಯಾವುದೂ ಮೇಲು ಅಂತ ಬರಲಿಲ್ಲ. ನೀವು ಬೇಜಾರಿಲ್ಲದೆ ಹಚ್ಚುವಂಥದ್ದು ತಗೊಳ್ಳಿ, ಆದರೆ ಧಾರಾಳವಾಗಿ. ಮೈಗೆಲ್ಲ ಹಚ್ಚುವುದಾದರೆ ವಾರಕ್ಕೆ ಕಾಲು ಕಿಲೋ ಆದರೂ ಬೇಕು. ಸ್ಟೀರಾಯ್ಡ್ ಮೊದಲಾ ಇದು ಮೊದಲಾ ಅನ್ನೋ ಜಗಳಕ್ಕೆ ನಾನಿಲ್ಲ, ನಡುವೆ ಅರ್ಧ ಗಂಟೆ ಬಿಡುತ್ತೇನೆ. ಸ್ನಾನದ ನೀರಿಗೆ ಹಾಕುವ ಎಣ್ಣೆ ಒಂದು ವರ್ಷ ಬಳಸಿ ಬಿಟ್ಟೆ, ಏನೂ ಪ್ರಯೋಜನ ಕಾಣಲಿಲ್ಲ. ಮುಲಾಮು ಹಿಡಿದ ಬಟ್ಟೆ ಹಾಕಿಕೊಂಡು ಬೆಂಕಿ ಹತ್ತಿರ ಮಾತ್ರ ಹೋಗಬೇಡಿ. ಬಟ್ಟೆ ಭಗ್ಗನೆ ಹತ್ತಿಕೊಳ್ಳುತ್ತದೆ, ಒಗೆದರೂ ಆ ಅಪಾಯ ಪೂರ್ತಿ ಹೋಗುವುದಿಲ್ಲ.

ಕೆರೆಯೋ ಚಟಕ್ಕೆ 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಪ್ರಯೋಗ ಮಾಡಿದ ಉಪಾಯ ಹಿಡಿದೆ. ಮೊದಲು ಎಣಿಕೆ. ಕೈಯಲ್ಲಿ ಒತ್ತುವ ಕೌಂಟರ್ ಇಟ್ಟುಕೊಂಡು ಕೆರೆದಾಗೆಲ್ಲ ಒತ್ತಿದೆ. ದಿನಕ್ಕೆ ಇನ್ನೂರರ ಸುತ್ತ ಬಂತು. ಅದರಲ್ಲಿ ಅರ್ಧ ತುರಿಕೆಯೇ ಇಲ್ಲದಾಗ: ಫೋನಿನಲ್ಲಿ ಮಾತಾಡುವಾಗ, ಬಟ್ಟೆ ಬದಲಿಸುವಾಗ. ಆಮೇಲೆ ಕೈ ಏಳುತ್ತಿದ್ದಂತೆ ಮುಷ್ಟಿ ಬಿಗಿಹಿಡಿದು ಮೂವತ್ತರವರೆಗೆ ಎಣಿಸುವುದು. ಆಗಲೂ ತುರಿಸಿದರೆ ಉಗುರಿನಿಂದ ಅಲ್ಲೇ ಒತ್ತುವುದು, ಎಳೆಯಬಾರದು. ಮೂರು ವಾರಕ್ಕೆ ಎಣಿಕೆ ನಲವತ್ತಕ್ಕೆ ಇಳಿಯಿತು. ರಾತ್ರಿ ಕೆರೆತಕ್ಕೆ ನನ್ನದೇ ಒಂದು ಪಟ್ಟು ಇದೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ, ಇನ್ನಷ್ಟು ದಿನ ನನ್ನ ಮೇಲೇ ನೋಡಬೇಕು.

ಈಗ ಉಳಿದಿರುವುದು ಕಣ್ಣರೆಪ್ಪೆ. ಅಲ್ಲಿಗೆ ವೈದ್ಯರು ಟ್ಯಾಕ್ರೋಲಿಮಸ್ ಅನ್ನೋ ಮುಲಾಮು ಬರೆದಿದ್ದಾರೆ, ಕಡಿಮೆ ಪ್ರಮಾಣದ್ದು, 0.03 ಶೇಕಡಾ. ಸ್ಟೀರಾಯ್ಡ್ ಅಲ್ಲದ್ದರಿಂದ ಚರ್ಮ ತೆಳ್ಳಗಾಗುವ ಭಯ ಇಲ್ಲ. ಆದರೆ ಮೊದಲ ಕೆಲವು ದಿನ ಚೆನ್ನಾಗಿ ಉರಿಯುತ್ತದೆ, ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನಾನು ಟ್ಯೂಬನ್ನು ಫ್ರಿಜ್‌ನಲ್ಲಿ ಇಡುತ್ತೇನೆ, ತಣ್ಣಗಿದ್ದರೆ ಉರಿ ಕಮ್ಮಿ. ಒದ್ದೆ ರೆಪ್ಪೆಗೆ ಹಚ್ಚಿದರೆ ಜಾಸ್ತಿ ಉರಿಯಿತು, ಅದಕ್ಕೇ ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ರಾತ್ರಿ ಮಾತ್ರ ಹಚ್ಚುತ್ತಿದ್ದೇನೆ.