ಬುದ್ಧಿಹಲ್ಲು ಕೀಳಿಸಿದಿರಾ? ಹೊಲಿಗೆಗೆ ಯಾವ ದಾರ ಅಂತ ಕೇಳಿಕೊಂಡೇ ಮನೆಗೆ ಹೋಗಿ

ಕಳೆದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಹುಡುಗನೊಬ್ಬ ಕೆನ್ನೆ ಹಿಡಿದುಕೊಂಡು ಶಿರಸಿಯ ನಮ್ಮ ಕ್ಲಿನಿಕ್ಕಿಗೆ ಬಂದ. ಬೇರೆ ಊರಲ್ಲಿ ಬುದ್ಧಿಹಲ್ಲು ಕೀಳಿಸಿ ಒಂದು ತಿಂಗಳಾಗಿತ್ತು. ಬಾಯಿ ತೆರೆಸಿ ನೋಡಿದರೆ ಕಪ್ಪು ರೇಷ್ಮೆ ದಾರ ಇನ್ನೂ ಅಲ್ಲೇ ಇದೆ. ಗಂಟಿನ ಸುತ್ತ ಅನ್ನದ ಅಗುಳು, ಒಸಡು ಕೆಂಪಾಗಿ ಊದಿದೆ. 'ತನ್ನಷ್ಟಕ್ಕೇ ಕರಗ್ತದೆ ಅಂದ್ಕೊಂಡಿದ್ದೆ ಡಾಕ್ಟ್ರೇ' ಅಂದ. ಹೀಗೆ ಬರುವವರು ಅವನೊಬ್ಬನೇ ಅಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಕುರ್ಚಿಯಿಂದ ಇಳಿಯುವ ಮುಂಚೆ ಯಾವ ದಾರ, ಎಷ್ಟು ಹೊಲಿಗೆ ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ರೇಷ್ಮೆ ದಾರ ಕರಗುವುದಿಲ್ಲ. 7ರಿಂದ 10 ದಿನದೊಳಗೆ ತೆಗೆಸಲೇಬೇಕು. ಗಂಟು ಚೆನ್ನಾಗಿ ನಿಲ್ಲುತ್ತದೆ, ತುದಿ ಮೆತ್ತಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಹೆಣೆದ ದಾರ, ಬತ್ತಿ ಎಣ್ಣೆ ಎಳೆದ ಹಾಗೆ ಎಂಜಲನ್ನೂ ಅದರಲ್ಲಿರುವ ಕ್ರಿಮಿಗಳನ್ನೂ ಎಳೆದುಕೊಳ್ಳುತ್ತದೆ. ನೈಲಾನ್ ಕೂಡ ಕರಗುವುದಿಲ್ಲ. ಗಾಳದ ದಾರದ ಹಾಗೆ ಒಂದೇ ಎಳೆ, ಕೊಳೆ ಹಿಡಿಯುವುದು ಕಡಿಮೆ, ಆದರೆ ತುದಿ ಕೆನ್ನೆಗೆ ಚುಚ್ಚುತ್ತದೆ. ಕ್ರೋಮಿಕ್ ಕ್ಯಾಟ್‌ಗಟ್ ಬಾಯಲ್ಲಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಅದನ್ನು ಮಾಡುವುದು ಕುರಿ ಅಥವಾ ದನದ ಕರುಳಿನಿಂದ, ಹಾಗಾಗಿ ಬೇಡ ಅನ್ನುವವರು ಹೊಲಿಗೆ ಹಾಕುವ ಮೊದಲೇ ಹೇಳಿಬಿಡಿ. ವಿಕ್ರಿಲ್ ಅನ್ನುವುದು ಸಿಂಥೆಟಿಕ್, ಸಾಮಾನ್ಯವಾಗಿ ನೇರಳೆ ಬಣ್ಣ. ದೇಹದೊಳಗೆ ಪೂರ್ತಿ ಕರಗಲು 56ರಿಂದ 70 ದಿನ ಬೇಕು, ಬಾಯಲ್ಲಿ ಅದಕ್ಕಿಂತ ಬಹಳ ಮೊದಲೇ ಸಡಿಲವಾಗಿ ಬೀಳುತ್ತದೆ. ಅದರಲ್ಲೇ ಬೇಗ ಕರಗುವ ವಿಕ್ರಿಲ್ ರಾಪಿಡ್ ಇದೆ, ಒಂದೆರಡು ವಾರದಲ್ಲಿ ಉದುರುತ್ತದೆ. ದೇವಿಮನೆ ಘಟ್ಟ ಹತ್ತಿ ಎರಡು ಬಸ್ಸು ಬದಲಿಸಿ ಬರುವವರಿಗೆ ನಾನು ಹಾಕುವುದು ಅದನ್ನೇ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಇನ್ನೊಂದು ಓಡಾಟ ತಪ್ಪುತ್ತದೆ ಅಲ್ವಾ? ಊರಲ್ಲೇ ಇರುವವರಿಗೆ ರೇಷ್ಮೆ ಧಾರಾಳ ಸಾಕು.

ಮೊದಲ ದಿನ ಸುಲಭ. ಗಾಜ್ ಬಟ್ಟೆ ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ, ಕೆನ್ನೆಗೆ ಹೊರಗಿನಿಂದ ಐಸ್ ಇಡಿ, ಆರಿದ ಗಂಜಿ ಕುಡಿಯಿರಿ. ಉಗುಳಬೇಡಿ.

ಎಲ್ಲರೂ ಎಡವುವುದು ಎರಡನೇ ದಿನದಿಂದ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆಯನ್ನು ನಿಧಾನ ಆ ಕಡೆ ಈ ಕಡೆ ವಾಲಿಸಿ, ಆಮೇಲೆ ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಿ. ಗಳಗಳ ಮುಕ್ಕಳಿಸಿ ಜೋರಾಗಿ ಉಗುಳಿದರೆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬರುತ್ತದೆ, ಒಳಗಿನ ಮೂಳೆ ತೆರೆದುಕೊಂಡು ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ನೋವು ಹೊಡೆಯುತ್ತದೆ. ಸಿಗರೇಟು, ಗುಟ್ಕಾ ಮುಟ್ಟಲೇಬೇಡಿ. ಕವಳ ಹಾಕುವವರೂ ಅಷ್ಟೇ, ಗಾಯ ಮಾಯುವವರೆಗೆ ಸಂಚಿ ಮುಚ್ಚಿಡಿ, ಅಡಿಕೆ ಚೂರು ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ. ಲವಂಗದ ಎಣ್ಣೆ ಅದ್ದಿದ ಹತ್ತಿಯನ್ನು ಕುಳಿಗೆ ತುರುಕುವವರಿದ್ದಾರೆ. ಒಸಡು ಸುಡುತ್ತದೆ, ದಯವಿಟ್ಟು ಬೇಡ.

ದಾರದ ತುದಿ ನಾಲಿಗೆಗೆ ತಾಗುತ್ತದೆ ಅಂತ ಸುಮ್ನೆ ಎಳೆಯಬೇಡಿ. ಉಗುರು ಕತ್ತರಿಯಲ್ಲಿ ಕತ್ತರಿಸಲೂಬೇಡಿ. ನಾವು ತೆಗೆಯುವಾಗ ಗಂಟನ್ನು ಚಿಮಟದಲ್ಲಿ ಸ್ವಲ್ಪ ಎತ್ತಿ, ಒಸಡಿಗೆ ತಾಗಿಕೊಂಡ ಹಾಗೆ ಒಂದೇ ಕಡೆ ಕತ್ತರಿಸಿ ಎಳೆಯುತ್ತೇವೆ, ಹೊರಗಿದ್ದ ಕೊಳಕು ದಾರ ಮಾಂಸದೊಳಗೆ ಹಾದುಹೋಗಬಾರದು ಅಂತ. ಕನ್ನಡಿ ಮುಂದೆ ನಿಂತು ಇದು ನಿಮ್ಮಿಂದ ಆಗುವುದಿಲ್ಲ. ಹೊಲಿಗೆ ಮೊದಲೇ ಬಿಚ್ಚಿಕೊಂಡರೆ ಗಾಬರಿ ಬೇಡ. ರಕ್ತ ಬರದಿದ್ದರೆ ಎಷ್ಟೋ ಸಲ ಮತ್ತೆ ಹಾಕುವ ಅಗತ್ಯವೇ ಇರುವುದಿಲ್ಲ, ಫೋನ್ ಮಾಡಿ ಕೇಳಿ.

ಆದರೆ ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಎಂಜಲು ನುಂಗಲೂ ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.