ಬಳ್ಳಾರಿಯ ಗಟ್ಟಿ ನೆಲದಲ್ಲಿ ಮಕ್ಕಳ ರಗ್ಬಿ: ಕ್ಲಬ್ ಕಟ್ಟುವುದು ಹೇಗೆ?

ಬಳ್ಳಾರಿಯಲ್ಲಿ ಮಕ್ಕಳಿಗೆ ರಗ್ಬಿ ಕಲಿಸುತ್ತೇನೆ ಅಂದರೆ ಎದುರಿಗಿದ್ದವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ‘ಅಮೆರಿಕದವರು ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ರೀ, ಅದಾ?’ ಇನ್ನೊಂದು, ‘ಹಲ್ಲು ಉಳೀತಾವಾ?’ ಮೊದಲನೆಯದಕ್ಕೆ ‘ಅಲ್ಲ’ ಅಂದರೆ ಮುಗಿಯಿತು. ಎರಡನೆಯದಕ್ಕೆ ಹಿಮ್ಮಡಿಯಿಂದ ನೆಲ ಕುಟ್ಟಿ ತೋರಿಸಬೇಕಾಗುತ್ತದೆ. ನಮ್ಮ ಎರೆ ಮಣ್ಣು ಜುಲೈನಲ್ಲಿ ಬೂಟಿಗೆ ಮೆತ್ತಿಕೊಂಡು ಕಾಲನ್ನೇ ಬಿಡುವುದಿಲ್ಲ, ಮಾರ್ಚ್ ಹೊತ್ತಿಗೆ ಬಿರುಕು ಬಿಟ್ಟು ಹೆಂಚಾಗಿರುತ್ತದೆ. ಮೊರಂ ಹಾಕಿದ ಮೈದಾನವಾದರೆ ಬಿದ್ದವನ ಮೊಣಕಾಲು ವಾರಗಟ್ಟಲೆ ಮಾಯುವುದಿಲ್ಲ.

ಆದ್ದರಿಂದ ಇಲ್ಲಿ ಕ್ಲಬ್ ಕಟ್ಟುವವರು ಮೊದಲು ಕೈಬಿಡಬೇಕಾದದ್ದು ಟ್ಯಾಕಲ್. ಎದುರಾಳಿಯನ್ನು ಅಪ್ಪಿ ಕೆಡವದೆ ಆಡುವ ರಗ್ಬಿಯೂ ಇದೆ, ಟ್ಯಾಗ್ ರಗ್ಬಿ ಎಂದು. ಇದು ಬಡವರ ರಾಜಿಯಲ್ಲ. ಮೆತ್ತನೆ ಹುಲ್ಲಿರುವ ಇಂಗ್ಲೆಂಡಿನಲ್ಲೇ 7 ಮತ್ತು 8 ವರ್ಷದೊಳಗಿನ ತಂಡಗಳು ಟ್ಯಾಗ್ ಮಾತ್ರ ಆಡುತ್ತವೆ. ನಾವು ಅದನ್ನೇ ಹನ್ನೆರಡು ವರ್ಷದವರೆಗೂ ಎಳೆದಿದ್ದೇವೆ. ಮುಂದಿನದೆಲ್ಲ ನಮ್ಮ ಭಾನುವಾರದ ಗುಂಪು ನಡೆಸುತ್ತಾ ಕಲಿತದ್ದು.

ಮೊದಲು ಆಟ ತಿಳಿಯಲಿ

ಪ್ರತಿ ಮಗುವಿನ ಸೊಂಟಕ್ಕೆ ಒಂದು ಪಟ್ಟಿ. ಅದರ ಎರಡೂ ಪಕ್ಕದಲ್ಲಿ ಬಾಲದಂತೆ ಒಂದೊಂದು ಟ್ಯಾಗ್. ಚೆಂಡು ಹಿಡಿದು ಓಡುವವನ ಟ್ಯಾಗನ್ನು ಎದುರಾಳಿ ಕಿತ್ತು, ಕೈ ಮೇಲೆತ್ತಿ ‘ಟ್ಯಾಗ್!’ ಎಂದು ಕೂಗಬೇಕು. ಕೂಗು ಕೇಳಿದ ಮೇಲೆ ಚೆಂಡು ಹಿಡಿದವನು ಮೂರು ಸೆಕೆಂಡಿನೊಳಗೆ ಜೊತೆಗಾರನಿಗೆ ದಾಟಿಸಬೇಕು. ಕಿತ್ತವನು ಟ್ಯಾಗನ್ನು ಬಿಸಾಡುವಂತಿಲ್ಲ, ಅವನ ಕೈಗೇ ಮರಳಿಸಬೇಕು. ಅದು ಮತ್ತೆ ಸೊಂಟಕ್ಕೆ ಅಂಟುವವರೆಗೆ ಅವನು ಆಟಕ್ಕಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಗಿಸಿದರೆ ಟ್ರೈ. ದೊಡ್ಡವರ ಆಟದಲ್ಲಿ ಟ್ರೈಗೆ 5 ಅಂಕ, ಮಕ್ಕಳಿಗೆ ಒಂದೇ. ಒದೆಯುವಂತಿಲ್ಲ, ಕೈಯಿಂದ ತಳ್ಳುವಂತಿಲ್ಲ, ಹಾರಿ ಬೀಳುವಂತಿಲ್ಲ.

ಇದೆಲ್ಲ ಮಕ್ಕಳಿಗೆ ಐದು ನಿಮಿಷದಲ್ಲಿ ಬರುತ್ತದೆ. ಬರದಿರುವುದು ಒಂದೇ: ಚೆಂಡನ್ನು ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ ಎಸೆಯಬೇಕು, ಮುಂದಕ್ಕಲ್ಲ. ಮುಂದಕ್ಕೆ ಓಡುತ್ತಾ ಹಿಂದಕ್ಕೆ ಕೊಡುವುದು ಕ್ರಿಕೆಟ್ ಆಡಿದ ಕೈಗೆ ವಿಚಿತ್ರವಾಗಿ ಕಾಣುತ್ತದೆ. ಕೌಲ್ ಬಜಾರಿನಿಂದ ಬರುವ ನಮ್ಮ ಮಕ್ಕಳಲ್ಲಿ ಕನ್ನಡದವರು, ತೆಲುಗಿನವರು, ಉರ್ದುವಿನವರು ಎಲ್ಲರೂ ಇದ್ದಾರೆ. ಹಿಂದೆ ಓಡುವ ಜೊತೆಗಾರ ಕೂಗಿದರೆ ಮಾತ್ರ ಚೆಂಡು ಸಿಗುತ್ತದೆ ಎಂದು ಕಟ್ಟು ಮಾಡಿದೆವು. ಈಗ ಒಂದೇ ಓಟದಲ್ಲಿ ‘ಹಿಂದಕ್ಕೆ’, ‘ಎನಕ್ಕಿ’, ‘ಪೀಛೇ’ ಮೂರೂ ಕೇಳುತ್ತವೆ. ಕೂಗದ ಮಗುವಿಗೆ ಚೆಂಡು ಸಿಗುವುದಿಲ್ಲ, ಎರಡನೇ ವಾರಕ್ಕೆ ಎಂಥ ಮೂಕಬಸವನೂ ಬಾಯಿ ಬಿಡುತ್ತಾನೆ.

ಕಬಡ್ಡಿ ಆಡಿದ ಮಕ್ಕಳು ಬೇಗ ಪಳಗುತ್ತಾರೆ. ಆದರೆ ಕಾಲು ಹಿಡಿಯುವ ಚಟ ಬಿಡಿಸಲು ತಿಂಗಳು ಬೇಕು.

ಸಾಮಾನು: ಕೊಳ್ಳುವುದು ಕಡಿಮೆ, ಹೊಲಿಸುವುದು ಹೆಚ್ಚು

ಕೊಳ್ಳಲೇಬೇಕಾದದ್ದು ಚೆಂಡು. ಅಳತೆ ನೋಡಿ ತರಿಸಿ: 9 ವರ್ಷದೊಳಗಿನವರಿಗೆ 3ನೇ ಸೈಜ್, 10ರಿಂದ 14ರವರೆಗೆ 4, ಆಮೇಲೆ 5. ನಾವು ಮೊದಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 5ನೇ ಸೈಜಿನ ನಾಲ್ಕು ಚೆಂಡು ತರಿಸಿ ಕೆಟ್ಟೆವು. ಎಂಟು ವರ್ಷದ ಹುಡುಗಿ ಅದನ್ನು ಹಲಸಿನಹಣ್ಣಿನಂತೆ ಎದೆಗವಚಿಕೊಂಡು ಓಡುತ್ತಿದ್ದಳು; ಪಾಸ್ ಮಾಡುವುದೆಲ್ಲಿ ಬಂತು. ಐದಾರು ಮಕ್ಕಳಿಗೆ ಒಂದು ಚೆಂಡಾದರೂ ಇರಲಿ. ಇಲ್ಲದಿದ್ದರೆ ಸಾಲಿನಲ್ಲಿ ನಿಂತು ಸರದಿ ಕಾಯುವ ಮಗು ಮಣ್ಣಿನಲ್ಲಿ ಚಿತ್ರ ಬರೆಯಲು ಕೂರುತ್ತದೆ.

ಟ್ಯಾಗ್ ಮತ್ತು ಪಟ್ಟಿಯನ್ನು ಮಾತ್ರ ದುಡ್ಡು ಕೊಟ್ಟು ತರಬೇಡಿ. ಜೀನ್ಸ್ ಹೊಲಿಯುವ ಊರಿನಲ್ಲಿದ್ದುಕೊಂಡು ಸೊಂಟಪಟ್ಟಿ ಹೊರಗಿನಿಂದ ತರಿಸುವುದು ನಾಚಿಕೆಗೇಡು. ನಮ್ಮ ಗುಂಪಿನ ಅರ್ಧದಷ್ಟು ಮನೆಗಳಲ್ಲಿ ಯಾರಾದರೊಬ್ಬರು ಪೀಸ್ ಲೆಕ್ಕದಲ್ಲಿ ಹೊಲಿಯುವವರೇ. ಕತ್ತರಿಸಿ ಉಳಿದ ಚಿಂದಿಯಲ್ಲಿ ಎರಡು ಬೆರಳಗಲದ ಪಟ್ಟಿ ಹೊಲಿಸಿ, ಎರಡೂ ತುದಿಗೆ ವೆಲ್ಕ್ರೋ ಹಾಕಿಸಿ. ಸೊಂಟದ ಎಡಕ್ಕೊಂದು ಬಲಕ್ಕೊಂದು ವೆಲ್ಕ್ರೋ ತುಂಡು ಟ್ಯಾಗಿಗೆ. ಟ್ಯಾಗಿಗೆ ಮಾತ್ರ ಡೆನಿಮ್ ಬೇಡ. ಅದು ಸೆಟೆದು ನಿಲ್ಲುತ್ತದೆ, ಜೋರಾಗಿ ಎಳೆದರೆ ಬೆರಳೂ ತರಚುತ್ತದೆ. ಹಳೇ ಸೀರೆ ಇಲ್ಲವೇ ಲೈನಿಂಗ್ ಬಟ್ಟೆ ಒಂದು ಅಡಿಗಿಂತ ತುಸು ಉದ್ದ ಸಾಕು. ತಂಡಕ್ಕೊಂದು ಬಣ್ಣ. ಒಬ್ಬ ತಾಯಿ ಮೂವತ್ತು ಪಟ್ಟಿಯನ್ನು ಎರಡು ರಾತ್ರಿಯಲ್ಲಿ ಮುಗಿಸಿ ಕೊಟ್ಟರು, ಕೂಲಿ ಕೊಡಲು ಹೋದರೆ ಬೈದರು. ಮುಂದಿನ ಸಲ ಒತ್ತಾಯ ಮಾಡಿಯೇ ಕೊಟ್ಟೆವು. ಪೀಸಿಗಿಷ್ಟು ಎಂದು ದುಡಿಯುವವರ ರಾತ್ರಿಯನ್ನು ಪುಕ್ಕಟೆ ಪಡೆಯಬಾರದು.

ಎರಡು ಎಚ್ಚರಿಕೆ. ಅದಿರಿನ ಕೆಂಪು ಧೂಳು ಹೊಕ್ಕರೆ ವೆಲ್ಕ್ರೋ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯಿರಿ. ಇನ್ನು ಮಕ್ಕಳು ಕಿಲಾಡಿಗಳು: ಟ್ಯಾಗನ್ನು ಪಟ್ಟಿಗೆ ಒಂದು ಸುತ್ತು ಸುತ್ತಿರುತ್ತಾರೆ, ಇಲ್ಲವೇ ಅಂಗಿ ಇಳಿಬಿಟ್ಟು ಮುಚ್ಚಿರುತ್ತಾರೆ. ಆಟಕ್ಕೆ ಮುಂಚೆ ಎಲ್ಲರೂ ಅಂಗಿ ಸಿಕ್ಕಿಸಿ ಒಂದು ಸುತ್ತು ತಿರುಗಿ ತೋರಿಸಲಿ.

ಮೈದಾನ

ಇಡೀ ಮೈದಾನ ಬೇಡ. ಇಂಗ್ಲೆಂಡಿನ 7ರೊಳಗಿನ ಮಕ್ಕಳು ನಾಲ್ಕು ನಾಲ್ಕು ಜನರಂತೆ 20 ಮೀಟರ್ ಉದ್ದ, 12 ಮೀಟರ್ ಅಗಲದ ಜಾಗದಲ್ಲಿ ಆಡುತ್ತಾರೆ. ಒಂದು ಶಾಲೆಯ ಅಂಗಳದಲ್ಲಿ ಇಂಥ ಎರಡು ಹಿಡಿಯುತ್ತವೆ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರನ್ನೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನೂ ಕೂಡಿಸಿ ಕೇಳಿ, ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಂಬಿ ಹೋದ ನಮಗೆ ಒಂದು ಶಾಲೆಯಲ್ಲಿ ಮೂರನೇ ವಾರಕ್ಕೆ ಗೇಟಿನ ಬೀಗ ಎದುರಾಯಿತು. ಕೇಳಿದರೆ ‘ಕಾಂಪೌಂಡ್ ಒಳಗೆ ಫುಟ್‌ಬಾಲ್ ಬೇಡ’ ಎಂಬ ಉತ್ತರ. ಫುಟ್‌ಬಾಲ್ ಅಲ್ಲ ಎಂದು ವಾದಿಸಿ ಪ್ರಯೋಜನವಿರಲಿಲ್ಲ.

ಆಟಕ್ಕೆ ಮೊದಲು ಹತ್ತು ನಿಮಿಷ ದೊಡ್ಡವರು ಸಾಲಾಗಿ ನಡೆದು ಗಾಜು, ಕಲ್ಲು, ಮುಳ್ಳು ಆರಿಸಬೇಕು. ಜಾಲಿ ಮುಳ್ಳು ಕ್ಯಾನ್ವಾಸ್ ಷೂ ತೂರಿ ಬರುತ್ತದೆ.

ಹೊತ್ತು ಗೊತ್ತು

ಬೆಳಗ್ಗೆ 6:15ಕ್ಕೆ ಶುರು, 7:30ಕ್ಕೆ ಮುಗಿತಾಯ. ಸಂಜೆ ಆಡಿಸಿ ನೋಡಿದೆವು; ಹಗಲೆಲ್ಲ ಕಾದ ನೆಲದ ಝಳ ಆರೂವರೆಗೂ ಆರುವುದಿಲ್ಲ. ನವೆಂಬರಿನಿಂದ ಫೆಬ್ರುವರಿ ನಮ್ಮ ಸುಗ್ಗಿ. ಮಾರ್ಚ್‌ನಲ್ಲಿ ಪರೀಕ್ಷೆ ಬಂದು ಅರ್ಧ ಮಕ್ಕಳು ಖಾಲಿ, ಬೇಸರ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿಬಿಡಿ. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಬೇಸಿಗೆ ಶಿಬಿರದ ಫ್ಲೆಕ್ಸ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಒಂದೂಕಾಲು ಗಂಟೆಯಲ್ಲಿ ಹದಿನೈದು ನಿಮಿಷ ಬಾಲ ಕೀಳುವ ಆಟ: ಚೆಂಡಿಲ್ಲದೆ ಎಲ್ಲರೂ ಎಲ್ಲರ ಟ್ಯಾಗ್ ಕೀಳಲು ಓಡುವುದು. ಇಪ್ಪತ್ತು ನಿಮಿಷ ಪಾಸ್ ಅಭ್ಯಾಸ. ಉಳಿದದ್ದು ಪಂದ್ಯ, ಅರ್ಧಕ್ಕೆ ಹತ್ತು ನಿಮಿಷ ಮೀರದಂತೆ. ಹದಿನೈದು ನಿಮಿಷಕ್ಕೊಮ್ಮೆ ನೀರು, ಬಾಯಾರಲಿ ಬಿಡಲಿ. ಕೊನೆಗೆ ಕೊಡದಲ್ಲಿ ಉಪ್ಪು ಮಜ್ಜಿಗೆ. ಯಾರೋ ಪ್ರೀತಿಯಿಂದ ಒಗ್ಗರಣಿ ಮಿರ್ಚಿ ತಂದರೆ ಆಟ ಮುಗಿಯುವವರೆಗೆ ಪೊಟ್ಟಣ ಬಿಚ್ಚಿಸಬೇಡಿ, ಅನುಭವದ ಮಾತು.

ಮನೆಯವರು

ಮಕ್ಕಳನ್ನು ಬಿಟ್ಟು ಹೋಗುವ ಪಾಲಕರು ಬೇಡ, ನಿಲ್ಲುವವರು ಬೇಕು. ನಿಲ್ಲಿಸಲು ಕೆಲಸ ಕೊಡಬೇಕು. ಒಬ್ಬರು ನೀರಿಗೆ, ಒಬ್ಬರು ಹಾಜರಿಗೆ, ಒಬ್ಬರು ಗೆರೆ ಕಾಯಲು. ಸುಣ್ಣದ ಪುಡಿಯಲ್ಲಿ ಅಂಕಣದ ಗೆರೆ ಎಳೆಯುವಾಗಲೇ ಎರಡು ಮಾರು ಆಚೆ ಇನ್ನೊಂದು ಗೆರೆ ಎಳೆಯಿರಿ. ದೊಡ್ಡವರು ಅದರ ಹಿಂದೆ. ತಪ್ಪನ್ನು ಕೂಗಿ ಹೇಳುವಂತಿಲ್ಲ, ಚಪ್ಪಾಳೆ ಮಾತ್ರ. ಮಗ ಚೆಂಡು ಬಿಟ್ಟನೆಂದು ‘ಏ ಕತ್ತೆ’ ಎಂದ ಅಪ್ಪನೊಬ್ಬನ ಕೈಗೆ ಸೀಟಿ ಕೊಟ್ಟು ರೆಫ್ರಿ ಮಾಡಿದೆವು. ಐದು ನಿಮಿಷಕ್ಕೆ ಬೆವರಿದ.

ಹೆಣ್ಣುಮಕ್ಕಳು ಬರುವುದಿಲ್ಲ ಎಂದು ಮೊದಲೇ ತೀರ್ಮಾನಿಸಬೇಡಿ. ಟ್ಯಾಗಿನಲ್ಲಿ ಯಾರೂ ಯಾರ ಮೈ ಹಿಡಿಯುವುದಿಲ್ಲ. ಟ್ರ್ಯಾಕ್ ಪ್ಯಾಂಟ್, ತುಂಬುತೋಳು, ತಲೆಗೆ ಬಟ್ಟೆ ಯಾವುದಕ್ಕೂ ಅಡ್ಡಿಯಿಲ್ಲ. ಅದನ್ನು ಮನೆಗೆ ಹೋಗಿ ಹೇಳಿದ ಮೇಲೆ ಹುಡುಗಿಯರು ಬಂದರು. ಮಕ್ಕಳೊಡನೆ ಯಾವತ್ತೂ ಇಬ್ಬರು ದೊಡ್ಡವರಿರಲಿ, ಒಬ್ಬರು ಹೆಂಗಸು. 1098 ಮಕ್ಕಳ ಸಹಾಯವಾಣಿ, 108 ಆಂಬುಲೆನ್ಸ್. ಎರಡೂ ನಂಬರನ್ನು ಹಾಜರಿ ಪುಸ್ತಕದ ರಟ್ಟಿನ ಮೇಲೇ ಬರೆಯಿರಿ.

‘ಇದು ನಮ್ಮ ಆಟವಾ?’ ಎನ್ನುವ ಅಜ್ಜಂದಿರಿಗೆ ನಾನು ಹೇಳುವ ಕತೆ ಕಲ್ಕತ್ತಾ ಕಪ್ಪಿನದು. ಕಲ್ಕತ್ತೆಯ ರಗ್ಬಿ ಕ್ಲಬ್ಬೊಂದು 1878ರಲ್ಲಿ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಕಪ್ ಮಾಡಿಸಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಅದಕ್ಕಾಗಿ ಆಡುತ್ತವೆ, ಹಿಡಿಕೆಗೆ ಮೂರು ನಾಗರ, ಮುಚ್ಚಳದ ಮೇಲೆ ಆನೆ. ಮಕ್ಕಳಿಗೆ ಬೇರೆ ಕತೆ: 2007ರಲ್ಲಿ ಭುವನೇಶ್ವರದ ಕಿಸ್ (ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ಶಾಲೆಯ ಆದಿವಾಸಿ ಹುಡುಗರು, 14ರೊಳಗಿನವರು, ಲಂಡನ್ನಿಗೆ ಹೋಗಿ ಅಂತಾರಾಷ್ಟ್ರೀಯ ಶಾಲಾ ಟೂರ್ನಿ ಗೆದ್ದು ಬಂದರು.

ತಲೆಗೆ ಪೆಟ್ಟಾದರೆ

ಟ್ಯಾಗಿನಲ್ಲೂ ತಲೆಗೆ ತಲೆ ಡಿಕ್ಕಿಯಾಗುತ್ತದೆ. ತಲೆಸುತ್ತು, ವಾಂತಿ, ಮಂಕು, ‘ಏನಾಯ್ತು’ ಎಂದು ಕೇಳಿದ್ದನ್ನೇ ಕೇಳುವುದು, ಬೆಳಕು ನೋಡಲಾಗದಿರುವುದು: ಒಂದು ಕಂಡರೂ ಮಗು ಆಟದಿಂದ ಹೊರಗೆ, ಆ ದಿನ ವಾಪಸ್ ಇಲ್ಲ. ‘ಈಗ ಸರಿಯಾದೆ ಸರ್’ ಎಂದರೂ ಇಲ್ಲ. ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಪ್ರಜ್ಞೆ ತಪ್ಪಿದರೆ, ವಾಂತಿ ನಿಲ್ಲದಿದ್ದರೆ, ಕತ್ತು ನೋವೆಂದರೆ ಅಲುಗಿಸದೆ 108ಕ್ಕೆ ಕರೆ ಮಾಡಿ. ಮತ್ತೆ ಆಡಲು ವೈದ್ಯರ ಮಾತು ಬೇಕು. ವರ್ಲ್ಡ್ ರಗ್ಬಿ ಸಂಸ್ಥೆ ಇದರ ಬಗ್ಗೆ ಆನ್‌ಲೈನ್ ಪಾಠವನ್ನು ಪುಕ್ಕಟೆ ಕೊಡುತ್ತದೆ. ಅದನ್ನು ಮುಗಿಸದೆ ಸೀಟಿ ಹಿಡಿಯಬೇಡಿ.

ಲೆಕ್ಕ

ಚಂದಾ ಎಷ್ಟಾದರೂ ಇರಲಿ, ಬಂದದ್ದು ಹೋದದ್ದು ತಿಂಗಳ ಕೊನೆಗೆ ವಾಟ್ಸ್ಆ್ಯಪ್ ಗುಂಪಿಗೆ ಬೀಳಲಿ. ಒಂದು ವರ್ಷ ಬಾಳಿದರೆ ಆಮೇಲೆ ನೋಂದಣಿ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಸದಸ್ಯರು ಸಾಕು. ಮೊದಲ ತಿಂಗಳಲ್ಲೇ ಅಧ್ಯಕ್ಷ, ಉಪಾಧ್ಯಕ್ಷ ಮಾಡಿಕೊಂಡ ಗುಂಪುಗಳಲ್ಲಿ ಚೆಂಡು ಬರುವ ಮೊದಲೇ ಜಗಳ ಬಂದಿರುತ್ತದೆ.

ಟ್ಯಾಕಲ್ ಯಾವಾಗ?

ದೊಡ್ಡ ಮಕ್ಕಳು ಬಿಡುವುದಿಲ್ಲ. 2025ರಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಬೆಂಗಳೂರಿನ ತಂಡವೂ ಇದ್ದದ್ದರಿಂದ ಎಲ್ಲರೂ ಮೊಬೈಲಿನಲ್ಲಿ ನೋಡಿದರು, ಮುಂದಿನ ಭಾನುವಾರವೇ ಒಬ್ಬನ ಅಂಗಿ ಹರಿಯಿತು. ನಾವು ಹುಡುಕಿದ ದಾರಿ ಗರಡಿ ಮನೆ. ಬೆಳಗಿನ ಕಸರತ್ತು ಮುಗಿದ ಮೇಲೆ ಅಖಾಡ ಖಾಲಿ ಇರುತ್ತದೆ. ಅಗೆದು ಹದ ಮಾಡಿದ ಆ ಮಣ್ಣಿನಷ್ಟು ಮೆತ್ತನೆಯ ನೆಲ ಊರಿನಲ್ಲಿ ಇನ್ನೊಂದಿಲ್ಲ. ಮೊದಲು ಕೆಡವುವುದಲ್ಲ, ಬೀಳುವುದು: ಗದ್ದ ಎದೆಗೆ ಒತ್ತಿ, ಚೆಂಡು ಬಿಡದೆ, ಪಕ್ಕಕ್ಕೆ ಉರುಳುವುದು. ಆಮೇಲೆ ಇಬ್ಬರೂ ಮಂಡಿಯೂರಿ ಎದುರಾಗಿ ಹಿಡಿಯುವುದು. ತಲೆ ಎದುರಾಳಿಯ ಮೈಯ ಮುಂದೆ ಸಿಗದಂತೆ ಹಿಂಬದಿಗೆ, ಕೈ ಸೊಂಟದ ಕೆಳಗೆ. ನಿಂತು ಹಿಡಿಯಲು ಇನ್ನೂ ಎರಡು ತಿಂಗಳು.

ಉಸ್ತಾದರು ಹಾಕಿದ ಷರತ್ತು ಎರಡೇ. ಷೂ ಬಾಗಿಲ ಹೊರಗೆ ಬಿಡಬೇಕು, ಮುಗಿಸಿ ಹೋಗುವಾಗ ಸಲಿಕೆ ಹಿಡಿದು ಮಣ್ಣು ಸಮ ಮಾಡಿ ಹೋಗಬೇಕು.